ಬೈರಿಗೆಯ ಮುದ್ರೆ

ಬನಿಯನ್ನಿನ ಮೇಲಿನ ಕಲೆ ವಾರ್ನಿಷಿನದಲ್ಲ ಎಂದು ಅಕ್ಕ ಹೇಳಿದಾಗ ಮೇಸ್ತ್ರಿ ಗಡ್ಡಕ್ಕೆ ಸಾಬೂನು ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಿದ್ದ. ಅವಳು ಒಗೆಯಲು ತೆಗೆದ ಬನಿಯನ್ನನ್ನು ಕಿಟಕಿಯ ಬೆಳಕಿಗೆ ಹಿಡಿದು, ಎಡ ಎದೆಯ ಜಾಗದಲ್ಲಿದ್ದ ಕಾಳಿನಷ್ಟು ಗಾತ್ರದ ಕಂದು ಕಲೆಯನ್ನು ಉಗುರಿನಿಂದ ಕೆರೆದು, ಮೂಗಿನ ಹತ್ತಿರ ತಂದು ಮೂಸಿದಳು.

"ವಾರ್ನಿಷಾದ್ರೆ ವಾಸನೆ ಇರುತ್ತೆ. ಇದು ರಕ್ತ."

"ಮೊಳೆ ಗೀರಿರಬೇಕು ಬಿಡಕ್ಕ."

"ಹೋದ ವಾರವೂ ಇದೇ ಜಾಗದಲ್ಲಿತ್ತು. ಆ ಮೊಳೆಗೆ ನಿನ್ನ ಮೇಲೆ ಅಷ್ಟೊಂದು ಪ್ರೀತಿಯಾ?"

ಕಳ್ಳನಿಗೊಂದು ಪಿಳ್ಳೆ ನೆವ ಎನ್ನುವುದು ಅಕ್ಕನಿಗೆ ಗೊತ್ತಿಲ್ಲದ ಮಾತೇನಲ್ಲ. ಮೇಸ್ತ್ರಿ ಇನ್ನೊಂದು ನೆವ ಹುಡುಕಲಿಲ್ಲ. ಕನ್ನಡಿಯ ಕಡೆ ತಿರುಗಿ ಕೆನ್ನೆಯ ಮೇಲೆ ಕತ್ತಿ ಎಳೆದ. ಅಕ್ಕ ಹೋಗಲಿಲ್ಲ. ಬನಿಯನ್ನನ್ನು ಹಿಡಿದುಕೊಂಡು ಬಾಗಿಲಲ್ಲೇ ನಿಂತಳು.

ಈ ಅಕ್ಕ ಮೇಸ್ತ್ರಿಗಿಂತ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದವಳು, ಆಮೇಲೆ ತಮ್ಮನ ಹೆಂಡತಿಯೂ ಹೋದಾಗ ಅವನ ಒಬ್ಬಳೇ ಮಗಳು ಪುಟ್ಟಿಯನ್ನು ಮಡಿಲಿಗೆ ಎಳೆದುಕೊಂಡು ಸಾಕಿದಳು. ಅವಳಿಗೆ ಸ್ವಂತ ಮಕ್ಕಳಿಲ್ಲ. ಮಗು ದೊಡ್ಡದಾಗಿ ಮದುವೆಯಾಗಿ ಹೋಗುವ ಹೊತ್ತಿಗೆ ಅಕ್ಕನಿಗೆ ಸ್ತನದ ಕ್ಯಾನ್ಸರ್ ಬಂತು. ಒಂದು ಸ್ತನ ತೆಗೆದರು, ಕೂದಲು ಉದುರಿತು, ಮತ್ತೆ ಬೆಳೆಯಿತು. ಈಗ ರವಿಕೆಯ ಒಂದು ಬದಿಗೆ ತಾನೇ ಹೊಲಿದ ಹತ್ತಿಯ ದಿಂಬು ಇಟ್ಟುಕೊಂಡು ಓಡಾಡುತ್ತಾಳೆ. "ಡಾಕ್ಟರು ಬೇಡದ್ದನ್ನೆಲ್ಲ ತೆಗೆದ್ರು, ನಾಲಿಗೆ ಒಂದನ್ನ ಮರೆತುಬಿಟ್ರು" ಎಂದು ಜನ ಹಿಂದಿನಿಂದ ಆಡುವ ಮಾತನ್ನು ಅವಳೇ ಮುಂದಿನಿಂದ ಹೇಳಿ ನಗುತ್ತಾಳೆ.

"ಶರ್ಟ್ ಬಿಚ್ಚು, ನೋಡೋಣ" ಎಂದಳು ಅಕ್ಕ.

"ಏನಿದೆ ನೋಡೋಕೆ? ಮುದ್ರೆ. ಸ್ವಲ್ಪ ದಪ್ಪಗಾಗಿದೆ ಅಷ್ಟೆ."

ಈ ಮುದ್ರೆಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಕರೆಂಟಿನ ಡ್ರಿಲ್ ಬರುವುದಕ್ಕೆ ಮೊದಲು ಗಟ್ಟಿ ಮರಕ್ಕೆ ತೂತು ಕೊರೆಯಲು ಬಡಗಿಗಳು ಕೈ ಬೈರಿಗೆ ಹಿಡಿಯುತ್ತಿದ್ದರು. ಅದರ ಹಿಂಬದಿಯ ಮರದ ಗುಂಡನ್ನು ಎದೆಗೆ ಒತ್ತಿಕೊಂಡು, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು, ಹಿಡಿಕೆ ತಿರುಗಿಸಬೇಕು. ವರ್ಷಗಟ್ಟಲೆ ಹಾಗೆ ಒತ್ತಿದವನ ಎದೆಯಲ್ಲಿ ಒಂದು ಕಡೆ ಜಡ್ಡುಗಟ್ಟುತ್ತಿತ್ತು. ಅದನ್ನು ಅವರು ಬೈರಿಗೆಯ ಮುದ್ರೆ ಎನ್ನುತ್ತಿದ್ದರು. ಕಸಬು ಕಲಿತು ಮುಗಿಸಿದವನನ್ನು ಗುರು ಎಲ್ಲರೆದುರು ನಿಲ್ಲಿಸಿ, ಅವನ ಮುದ್ರೆಯ ಮೇಲೆ ಹೆಬ್ಬೆರಳು ಊರಿ ಬಲವಾಗಿ ಒತ್ತುತ್ತಿದ್ದ. "ನೋಯುತ್ತಾ?" ಎಂದು ಕೇಳುತ್ತಿದ್ದ. ನೋಯುತ್ತೆ ಎಂದವನು ಇನ್ನೊಂದಿಷ್ಟು ಕಾಲ ಬೈರಿಗೆ ತಿರುಗಿಸಬೇಕು. ಇಲ್ಲ ಎಂದವನು ಅಂದಿನಿಂದ ಬಡಗಿ.

ಮೇಸ್ತ್ರಿಯ ಮುದ್ರೆ ಎಡಗಡೆ ಕಟ್ಟಿತ್ತು, ಅವನು ಎಡಗೈಯವನು. ಈಗ ಅವನು ದುಡಿಯುವ ಮರಗೆಲಸದ ಕಾರ್ಖಾನೆಯಲ್ಲಿ ಮುದ್ರೆ ಇರುವವನು ಅವನೊಬ್ಬನೇ. ಉಳಿದವರೆಲ್ಲ ಡ್ರಿಲ್ಲಿನ ಗುಂಡಿ ಒತ್ತಿ ಬಡಗಿಗಳಾದವರು. ಊಟದ ಬಿಡುವಿನಲ್ಲಿ ಅವರನ್ನು ರೇಗಿಸಲು ಅವನು ಶರ್ಟಿನ ಗುಂಡಿ ಬಿಚ್ಚಿ ಎದೆ ತೋರಿಸುವುದಿತ್ತು. ಕಳೆದ ವರ್ಷದಿಂದ ಆ ಜಾಗ ಗಟ್ಟಿಯಾಗುತ್ತ ಬಂದಿತ್ತು. ಒತ್ತಿದರೆ ಸ್ವಲ್ಪವೂ ನೋಯುತ್ತಿರಲಿಲ್ಲ. ವಯಸ್ಸಾದಂತೆ ಒಳ್ಳೆಯ ಮರವೂ ಗಟ್ಟಿಯಾಗುತ್ತದೆ ಎಂದು ಅವನು ಹೇಳಿದಾಗ ಎಲ್ಲರೂ ನಕ್ಕಿದ್ದರು. ಅವನೂ ನಕ್ಕಿದ್ದ.

"ಆ ಬೈರಿಗೆಯನ್ನ ಗೋಡೆಗೆ ನೇತು ಹಾಕಿ ಎಷ್ಟು ಕಾಲ ಆಯ್ತು?" ಎಂದು ಅಕ್ಕ ಕೇಳಿದಳು.

"ಪುಟ್ಟಿ ಮದುವೆಗಿಂತ ಮುಂಚೆಯೇ."

"ಕೆಲಸ ಬಿಟ್ಟವನ ಕೈ ಮೆತ್ತಗಾಗುತ್ತೆ. ನಿನ್ನ ಎದೆ ಮಾತ್ರ ಬೈರಿಗೆ ಬಿಟ್ಟ ಮೇಲೆ ಗಟ್ಟಿಯಾಗುತ್ತಾ ಹೋಯ್ತಾ?"

ಮೇಸ್ತ್ರಿಯ ಕೈಯಲ್ಲಿದ್ದ ಕತ್ತಿ ಅಲ್ಲೇ ನಿಂತಿತು. ಇಷ್ಟು ಸುಲಭದ ಲೆಕ್ಕ ತನಗೆ ಹೊಳೆದಿರಲಿಲ್ಲವಲ್ಲ ಎನ್ನಿಸಿತು. ಹೊಳೆಯದೆ ಇರಲಿಲ್ಲ, ಹೊಳೆಯಲು ಬಿಟ್ಟಿರಲಿಲ್ಲ. ಅವನು ಅರ್ಧ ಗಡ್ಡದಲ್ಲೇ ಶರ್ಟ್ ಬಿಚ್ಚಿದ. ಮೊಲೆತೊಟ್ಟು ಒಳಕ್ಕೆ ಸೇದಿಕೊಂಡಿತ್ತು, ಅದರ ಅಂಚಿನಲ್ಲಿ ಒಣಗಿದ ಕಂದು ಗೆರೆ. ಅಕ್ಕ ಮುಟ್ಟಲಿಲ್ಲ. ನೋಡಿದ್ದಷ್ಟೇ ಸಾಕಾಯಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಅವಳು ಇಂಥದ್ದನ್ನು ತನ್ನ ಮೈಮೇಲೆ ಕಂಡವಳು.

"ಮುಖ ತೊಳ್ಕೋ, ಹೋಗೋಣ" ಎಂದಳು.

ಅದೇ ಆಸ್ಪತ್ರೆ, ಅದೇ ಉದ್ದನೆಯ ಪಡಸಾಲೆ. ಅಂದು ಅಕ್ಕನ ಚೀಲ ಹಿಡಿದುಕೊಂಡು ಅವನು ಇಲ್ಲಿ ಕಾದಿದ್ದ. ಇಂದು ಚೀಲ ಅಕ್ಕನ ಕೈಯಲ್ಲಿತ್ತು. ಗೋಡೆಯ ಚಿತ್ರಗಳಲ್ಲೆಲ್ಲ ಹೆಂಗಸರು, ಕುರ್ಚಿಗಳಲ್ಲೆಲ್ಲ ಹೆಂಗಸರು. ಅಲ್ಲಿದ್ದ ಒಂದಿಬ್ಬರು ಗಂಡಸರು ಯಾರದೋ ಗಂಡಂದಿರು, ಕಾಗದ ಹಿಡಿದು ನಿಂತಿದ್ದರು. ನರ್ಸ್ ಹೊರಗೆ ಬಂದು ಅಕ್ಕನ ಮುಖ ನೋಡಿ "ಬನ್ನಿ ಅಮ್ಮ" ಎಂದಳು.

"ನಾನಲ್ಲಮ್ಮ, ನನ್ನದು ಮುಗಿದ ಕಥೆ. ಇವನು" ಎಂದಳು ಅಕ್ಕ. ಅವಳಿಗೆ ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲ. ಇಡೀ ಸಾಲು ತಿರುಗಿ ನೋಡಿತು. ಮೇಸ್ತ್ರಿ ನೆಲದ ಹಾಸುಕಲ್ಲುಗಳನ್ನು ನೋಡುತ್ತ ಎದ್ದ.

ಒಳಗೆ ಬೆನ್ನ ಹಿಂದೆ ದಾರ ಕಟ್ಟುವ ಹೂವಿನ ಗೌನು ಕೊಟ್ಟರು. ಗಂಡಸಿನ ಅಳತೆಯದು ಅವರಲ್ಲಿರಲಿಲ್ಲ. ಅದರ ತೋಳು ಅವನ ಮೊಣಕೈಗೂ ಬರಲಿಲ್ಲ. ಎದೆಯ ಚಿತ್ರ ತೆಗೆಯುವ ಯಂತ್ರಕ್ಕೆ ಎರಡು ತಟ್ಟೆಗಳಿದ್ದವು. ಅವನ ಎದೆಯಲ್ಲಿ ಅವುಗಳ ನಡುವೆ ಇಡುವಷ್ಟು ಮಾಂಸವಿರಲಿಲ್ಲ. ಇದ್ದಷ್ಟನ್ನೇ ಯಂತ್ರ ನಡೆಸುವ ಹುಡುಗಿ ಎಳೆದು ಹೊಂದಿಸಿ ಬಡಗಿಗಳ ವೈಸಿಗೆ ಹಲಗೆ ಕಚ್ಚಿಸಿದ ಹಾಗೆ ಬಿಗಿ ಮಾಡಿದಳು. ನೋವಾಯಿತಾ ಎಂದು ಕೇಳಿದಳು. ಇಲ್ಲ ಎಂದ. ಆಮೇಲೆ ಸೂಜಿ ಹಾಕಿ ಗಡ್ಡೆಯ ಚೂರು ತೆಗೆದರು.

ಡಾಕ್ಟರು ನಡುವಯಸ್ಸಿನ ಹೆಂಗಸು, ಮಾತಿನಲ್ಲಿ ಅವಸರವಿರಲಿಲ್ಲ. ಅಕ್ಕ ಆಗ ನೀರು ಕುಡಿಯಲು ಹೊರಗೆ ಹೋಗಿದ್ದಳು. ಮನೆಯಲ್ಲಿ ಮತ್ಯಾರಿಗಾದರೂ ಇಂಥದ್ದು ಬಂದಿತ್ತಾ ಎಂದು ಡಾಕ್ಟರು ವಿಚಾರಿಸಿದರು. ಅಕ್ಕನಿಗೆ ಬಂದಿತ್ತು ಎಂದ. ಅಮ್ಮ ಹೇಗೆ ಹೋದಳು ಎಂದು ಕೇಳಿದ್ದಕ್ಕೆ, ಹೊಟ್ಟೆ ಊದಿಕೊಂಡು ಹೋದಳು, ಏನೆಂದು ಯಾರಿಗೂ ತಿಳಿಯಲಿಲ್ಲ ಎಂದ.

"ಮಕ್ಕಳು?"

"ಇಲ್ಲ" ಎಂದ ಮೇಸ್ತ್ರಿ.

ಬಾಯಿ ಜಾರಿತು ಎಂದು ಹೇಳಿ ಅವನನ್ನು ಪಾರು ಮಾಡಬಹುದಿತ್ತು. ಆದರೆ ಅದು ಜಾರಿದ ಮಾತಲ್ಲ. ಮಗಳಿದ್ದಾಳೆ ಎಂದರೆ ಅವಳನ್ನು ಕರೆಸುತ್ತಾರೆ, ಅವಳು ಬಂದು ಆ ಹೆಂಗಸರ ಸಾಲಿನಲ್ಲಿ ಹೂವಿನ ಗೌನು ತೊಟ್ಟು ಕೂತ ಅಪ್ಪನನ್ನು ನೋಡುತ್ತಾಳೆ. ಅಷ್ಟನ್ನು ಅವನು ಒಂದು ಕ್ಷಣದಲ್ಲಿ ಯೋಚಿಸಿ ಮುಗಿಸಿದ್ದ. ಊರಿಗೆಲ್ಲ ಕಾರು ಓಡಿಸಲು ಕಲಿಸುವ ದಿಟ್ಟ ಹುಡುಗಿ ಅವಳು. ಕಲಿಯುವವರು ಹೆದರಿದರೆ, ನಮ್ಮಪ್ಪನ ಎದೆ ನೋಡಬೇಕು ನೀವು, ಬೈರಿಗೆಗೇ ಜಗ್ಗಲಿಲ್ಲ ಎಂದು ಹೇಳುತ್ತಾಳಂತೆ. ಆ ಎದೆಗೆ ಹೆಂಗಸರ ಕಾಯಿಲೆ ಎಂದು ಅವಳಿಗೆ ಗೊತ್ತಾಗುವುದು ಅವನಿಗೆ ಬೇಡವಾಗಿತ್ತು. ಸದ್ದಿಲ್ಲದೆ ಕೊಯ್ಯಿಸಿಕೊಂಡು, ಮೊಳೆ ಚುಚ್ಚಿ ಕೀವಾಗಿತ್ತು ಎಂದರೆ ಆಯಿತು.

ಮುಂದಿನ ಸಲ ಕರೆದಾಗ ಅಕ್ಕ ಪಕ್ಕದಲ್ಲೇ ಇದ್ದಳು. ಡಾಕ್ಟರು ಸುತ್ತಿ ಬಳಸದೆ ಕ್ಯಾನ್ಸರ್ ಎಂದರು. ತುಂಬ ಬೇಗವೂ ಅಲ್ಲ, ಕೈಮೀರಿಯೂ ಇಲ್ಲ, ಆಪರೇಷನ್ ಮಾಡಿ ಆಮೇಲೆ ಔಷಧಿ ಕೊಡುತ್ತೇವೆ ಎಂದರು.

"ಗಂಡಸರಿಗೂ ಬರುತ್ತಾ ಡಾಕ್ಟ್ರೇ?" ಎಂದು ಅವನು ಕೇಳಿದ. ಬಂದಿದೆ ಎಂದು ತಿಳಿದ ಮೇಲೂ ಕೇಳಿದ.

"ಬರುತ್ತೆ. ಅಪರೂಪ. ಆದ್ರೆ ಗಂಡಸರ ಎದೆಯಲ್ಲೂ ಅದೇ ಅಂಗಾಂಶ ಸ್ವಲ್ಪ ಇರುತ್ತಲ್ಲ. ನಮಗೆ ಬರೋದೇ ಇಲ್ಲ ಅಂದ್ಕೊಂಡು ನೀವು ತಡ ಮಾಡಿ ಬರ್ತೀರಿ, ಅದೇ ಕಷ್ಟ."

"ನೋವೇ ಇರಲಿಲ್ಲ, ಅದಕ್ಕೇ..."

"ಸಾಮಾನ್ಯವಾಗಿ ನೋವಿರೋದಿಲ್ಲ."

ಆಮೇಲೆ ಅವರು ರಕ್ತದ ವಿಷಯ ಎತ್ತಿದರು. ಅಕ್ಕ ತಮ್ಮ ಇಬ್ಬರಿಗೂ ಬಂದಿದೆ, ತಾಯಿಯದೂ ಅನುಮಾನ. ಇದು ವಂಶದಲ್ಲಿ ಇಳಿದು ಬಂದದ್ದಿರಬಹುದು, ಇಬ್ಬರ ರಕ್ತವನ್ನೂ ಪರೀಕ್ಷೆಗೆ ಕಳಿಸೋಣ ಎಂದರು. ಇಂಥದ್ದು ತಾಯಿಯಿಂದ ಮಗಳಿಗಷ್ಟೇ ಹೋಗುತ್ತದೆ ಎಂದು ಜನ ತಿಳಿದಿದ್ದಾರೆ, ಹಾಗಲ್ಲ, ಅಪ್ಪನ ರಕ್ತದಲ್ಲಿದ್ದರೆ ಮಗಳಿಗೋ ಮಗನಿಗೋ ಹೋಗುವ ಸಾಧ್ಯತೆ ಅರ್ಧಕ್ಕರ್ಧ ಎಂದು ಬಿಡಿಸಿ ಹೇಳಿದರು. ಹೋದರೂ ಕಾಯಿಲೆ ಬಂದೇ ತೀರುತ್ತದೆ ಎಂದಲ್ಲ. ಗೊತ್ತಿದ್ದವರು ಆಗಾಗ ತೋರಿಸಿಕೊಳ್ಳುತ್ತಾರೆ, ಬಂದರೂ ಚಿಕ್ಕದಿರುವಾಗಲೇ ಸಿಗುತ್ತದೆ.

"ನಿಮಗೆ ಮಕ್ಕಳಿಲ್ಲ ಅಂದ್ರಲ್ಲ, ಆ ಒಂದು ಚಿಂತೆ ಇಲ್ಲ ಬಿಡಿ" ಎಂದು ಡಾಕ್ಟರು ಮಾತು ಮುಗಿಸಿದರು.

ಅಕ್ಕ ತಮ್ಮನ ಕಡೆ ತಿರುಗಿದಳು. ಡಾಕ್ಟರು ತೆಗೆಯಲು ಮರೆತಿದ್ದ ಆ ನಾಲಿಗೆಗೂ ಆಗ ಮಾತು ಸಿಗಲಿಲ್ಲ. ಮೇಸ್ತ್ರಿಯ ಕಣ್ಣ ಮುಂದೆ ಬಂದದ್ದು ಮಗಳ ಎಡಗೈ. ಪುಟ್ಟಿಯೂ ಎಡಗೈಯವಳು. ಅದೇ ಕಿವಿ, ಅದೇ ನಡಿಗೆ, ಅದೇ ಮೊಂಡುತನ. ಅಪ್ಪನ ಅಚ್ಚು ಎಂದು ಯಾರಾದರೂ ಅಂದರೆ ಅವನು ಹಿಗ್ಗಿ ಹೀರೇಕಾಯಿಯಾಗುತ್ತಿದ್ದ. ಅಚ್ಚಿನಲ್ಲಿ ಏನೇನು ಇಳಿದಿದೆ ಎಂದು ಅವನು ಯಾವತ್ತೂ ಯೋಚಿಸಿರಲಿಲ್ಲ.

ಪಡಸಾಲೆಗೆ ಬಂದ ಮೇಲೆ ಅಕ್ಕ ಕಿಟಕಿಯ ಕಟ್ಟೆಗೆ ಒರಗಿ ನಿಂತಳು.

"ಜ್ವರ ಬಂದಾಗ ಅವಳನ್ನ ಹೆಗಲ ಮೇಲೆ ಹಾಕ್ಕೊಂಡು ಮನೆಯೆಲ್ಲ ಓಡಾಡಿದವನು ನೀನೇನಾ? ಒಂದೇ ಮಾತಲ್ಲಿ ಅವಳು ಹುಟ್ಟೇ ಇಲ್ಲ ಅಂತ ಮಾಡಿಬಿಟ್ಟೆಯಲ್ಲೋ."

"ಹೇಗೆ ಹೇಳ್ಲಿ ಅಕ್ಕ? ಅಪ್ಪನಿಗೆ ಎದೆಯಲ್ಲಿ ಇಂಥದ್ದು ಅಂತ?"

"ನನಗೆ ಬಂದಾಗ ಊರಿಗೆಲ್ಲ ಹೊಟ್ಟೆ ಆಪರೇಷನ್ ಅಂತ ಹೇಳ್ಕೊಂಡು ಬಂದೆ. ನನ್ನ ಮರ್ಯಾದೆ ಕಾಯೋಕೆ ಅಂತ ಅಂದ್ಕೊಂಡಿದ್ದೆ. ಈಗ ಗೊತ್ತಾಯ್ತು, ನಾಚಿಕೆ ನಿನ್ನದು ಅಂತ." ಅಕ್ಕ ಚೀಲವನ್ನು ಕಟ್ಟೆಯ ಮೇಲಿಟ್ಟಳು. ಮತ್ತೆ ಮಾತಾಡಿದಾಗ ಅವಳ ದನಿ ಇಳಿದಿತ್ತು. "ನಾನೂ ಏನು ಬುದ್ಧಿವಂತೆ ಅಲ್ಲ. ನನ್ನಿಂದ ಅವಳಿಗೆ ಬರೋದಿಲ್ಲ, ನಾನು ಹೆತ್ತವಳಲ್ಲವಲ್ಲ ಅಂತ ನಿಶ್ಚಿಂತೆಯಾಗಿದ್ದೆ. ಅವಳಿಗೂ ಅದನ್ನೇ ಹೇಳಿದ್ದೆ. ನಿನ್ನಮ್ಮನ ಕಡೆ ಯಾರಿಗೂ ಇಲ್ಲ, ನೀನು ಹಾಯಾಗಿರು ಅಂತ."

"ನೀನೇ ಹೇಳಿಬಿಡು ಅಕ್ಕ."

"ಇಲ್ಲ. ಅವಳಿಗೆ ನಡೆಯೋದು ಕಲಿಸಿದ್ದು ನಾನು, ಜಡೆ ಹಾಕಿದ್ದು ನಾನು. ಇದನ್ನ ನೀನು ಹೇಳಬೇಕು."

ಮೇಸ್ತ್ರಿ ವಾಪಸು ಹೋಗಿ ಡಾಕ್ಟರ ಕೋಣೆಯ ಬಾಗಿಲು ತಟ್ಟಿದ. ಒಳಗೆ ಮುಂದಿನ ಹೆಂಗಸು ಆಗಲೇ ಕೂತಿದ್ದಳು. ಅವಳ ಎದುರಿಗೇ, ಹೊಸ್ತಿಲು ದಾಟದೆ ಹೇಳಿದ.

"ಒಬ್ಬಳು ಮಗಳಿದ್ದಾಳೆ ಡಾಕ್ಟ್ರೇ. ಅವತ್ತು ಸುಳ್ಳು ಹೇಳಿದೆ."

ಡಾಕ್ಟರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. "ಕರ್ಕೊಂಡು ಬನ್ನಿ" ಎಂದರು.

ಹೇಳಬೇಕು ಎಂದುಕೊಂಡದ್ದು ಸುಲಭವಾಗಿ ಬಾಯಿಗೆ ಬರುವುದಿಲ್ಲ. ಅವನು ಫೋನು ತೆಗೆದುಕೊಂಡಾಗಲೆಲ್ಲ ಊಟವಾಯಿತಾ, ಅಳಿಯಂದಿರು ಹೇಗಿದ್ದಾರೆ ಎಂದು ಕೇಳಿ ಇಟ್ಟುಬಿಡುತ್ತಿದ್ದ. ಆಪರೇಷನ್ನಿನ ದಿನ ಹತ್ತಿರ ಬಂತು. ಕೊನೆಗೆ ಒಂದು ಬೆಳಿಗ್ಗೆ ಉಪಕರಣಗಳ ಚೀಲ ಹೆಗಲಿಗೇರಿಸಿಕೊಂಡು ಮಗಳ ಮನೆಗೆ ಹೋದ. ಅವಳ ಮಲಗುವ ಕೋಣೆಯ ಬಾಗಿಲು ಊದಿಕೊಂಡು ಚೌಕಟ್ಟಿಗೆ ಕಚ್ಚುತ್ತಿತ್ತು. ತೆಗೆದರೂ ಹಾಕಿದರೂ ಇಡೀ ಮನೆಗೆ ಕೇಳುವಂತೆ ಕಿರುಗುಟ್ಟುತ್ತಿತ್ತು. ಸರಿಮಾಡಿಕೊಡು ಎಂದು ಅವಳು ಕೇಳಿಕೇಳಿ ಬೇಸತ್ತಿದ್ದಳು.

"ಊರಿಗೆಲ್ಲ ಬಾಗಿಲು ಮಾಡಿಕೊಡೋ ಮೇಸ್ತ್ರಿಗೆ ಮಗಳ ಮನೆ ದಾರಿ ಇವತ್ತು ಸಿಕ್ಕಿತಾ?" ಎಂದಳು ಪುಟ್ಟಿ. ಆ ದಿನ ಅವಳಿಗೆ ರಜೆ, ಗಂಡ ಕೆಲಸಕ್ಕೆ ಹೋಗಿದ್ದ. "ಅತ್ತೆ ಬರಲಿಲ್ವಾ?"

"ಅವಳಿಗೆ ಬಟ್ಟೆ ಒಗೆಯೋದಿತ್ತು."

ಅವನು ಬಾಗಿಲನ್ನು ಕೀಲಿನಿಂದ ಬಿಡಿಸಿ, ಎರಡು ಕುರ್ಚಿಗಳ ಮೇಲೆ ಮಲಗಿಸಿ, ಅಂಚಿಗೆ ಮರ ಹೆರೆಯುವ ಹತ್ತರಿ ಹಾಕಿದ. ಸುರುಳಿ ಸುರುಳಿಯಾಗಿ ಮರದ ಸಿಪ್ಪೆ ಎದ್ದು ನೆಲಕ್ಕೆ ಬಿತ್ತು. ಪುಟ್ಟಿ ಇನ್ನೊಂದು ತುದಿ ಹಿಡಿದುಕೊಂಡು ಮಾತಾಡುತ್ತಲೇ ಇದ್ದಳು. ಬ್ರೇಕಿನ ಬದಲು ಆಕ್ಸಿಲರೇಟರ್ ತುಳಿದು ಹೂಕುಂಡದ ಮೇಲೆ ಕಾರು ಹತ್ತಿಸಿದ ನಿವೃತ್ತ ಮೇಷ್ಟ್ರ ಕಥೆ ಹೇಳಿ ತಾನೇ ನಕ್ಕಳು. ಮೇಸ್ತ್ರಿ ಅವಳನ್ನು ನೋಡದೆ ಹತ್ತರಿ ಎಳೆದ. ಎಷ್ಟು ಬೇಕೋ ಅದಕ್ಕಿಂತ ಹೆಚ್ಚೇ ಎಳೆದ. ಸಾಕು ಅಪ್ಪ, ಬಾಗಿಲು ಸವೆದು ಕಿಟಕಿಯಾದೀತು ಎಂದು ಅವಳೇ ನಿಲ್ಲಿಸಬೇಕಾಯಿತು.

ಬಾಗಿಲನ್ನು ಮತ್ತೆ ಚೌಕಟ್ಟಿಗೆ ಕೂರಿಸಿ, ಕೀಲಿಗೆ ಎಣ್ಣೆ ಬಿಟ್ಟ. ಒಂದು ಬೆರಳಿನಿಂದ ತಳ್ಳಿದ. ಬಾಗಿಲು ಉಸಿರಿನಷ್ಟೂ ಸದ್ದು ಮಾಡದೆ ಹೋಗಿ ಕೂತಿತು. ಸದ್ದು ಮಾಡುವ ಬಾಗಿಲು ಬಡಗಿಯನ್ನು ಬೈಯುತ್ತಿರುತ್ತದೆ ಎನ್ನುವುದು ಅವನ ಗುರುವಿನ ಮಾತು. ಬೇರೆ ದಿನವಾಗಿದ್ದರೆ ಆ ಮಾತನ್ನು ಅವನು ಮಗಳಿಗೆ ಇನ್ನೊಂದು ಸಲ ಹೇಳುತ್ತಿದ್ದ.

"ಪುಟ್ಟಿ, ಇಲ್ಲಿ ಕೂತ್ಕೋ."

ಅವಳು ಮಂಚದ ತುದಿಯಲ್ಲಿ ಕೂತಳು. ಅವನ ಮುಖ ನೋಡಿ ಅವಳ ನಗು ತಾನಾಗಿ ಇಳಿಯಿತು. ಅವನು ನಿಂತೇ ಹೇಳಿದ. ಬನಿಯನ್ನಿನ ಕಲೆಯಿಂದ ಶುರುಮಾಡಿ, ಯಂತ್ರ, ಸೂಜಿ, ಡಾಕ್ಟರ ಮಾತು, ಬರುವ ವಾರದ ಆಪರೇಷನ್ ಎಲ್ಲವನ್ನೂ ತಡವರಿಸುತ್ತ ಹೇಳಿದ. ಮಕ್ಕಳಿಲ್ಲ ಎಂದದ್ದನ್ನೂ ಬಿಡಲಿಲ್ಲ. ಕೊನೆಗೆ ರಕ್ತದ ವಿಷಯ ಉಳಿಯಿತು. ಅದನ್ನು ಹೇಳದಿದ್ದರೆ ಇಷ್ಟು ಹೇಳಿದ್ದೂ ವ್ಯರ್ಥ.

"ನಿನ್ನ ಅಮ್ಮನ ಕಡೆಯಿಂದ ಮಾತ್ರ ಬರುತ್ತೆ ಅಂತ ಅಂದ್ಕೊಂಡಿದ್ವಿ ಮಗಳೇ. ಹಾಗಲ್ಲವಂತೆ. ನನ್ನಿಂದಲೂ ಬಂದಿರಬಹುದಂತೆ. ಬಂದಿರದೆಯೂ ಇರಬಹುದು. ನೀನು ತೋರಿಸ್ಕೋಬೇಕು."

ಪುಟ್ಟಿ ಅಳಲಿಲ್ಲ. ಕಾಯಿಲೆ ಬಂದದ್ದಕ್ಕೆ ಯಾಕೆ ಅಪ್ಪ ನಾಚ್ಕೋತೀಯ ಎಂದೂ ಕೇಳಲಿಲ್ಲ. ಅವನು ಹೆದರಿದ್ದ ಯಾವ ಮಾತನ್ನೂ ಅವಳು ಆಡಲಿಲ್ಲ. ಎದ್ದು ಬಂದು ಅವನ ಎದುರಿಗೆ ನಿಂತಳು.

"ತೋರಿಸು" ಎಂದಳು.

ಚಿಕ್ಕವಳಿದ್ದಾಗ ಅವಳಿಗೆ ಇದೊಂದು ಆಟವಾಗಿತ್ತು. ಅಪ್ಪ ಕೆಲಸದಿಂದ ಬಂದು ಗೋಡೆಗೆ ಒರಗಿದರೆ ಸಾಕು, ಮಡಿಲು ಹತ್ತಿ ಶರ್ಟ್ ಸರಿಸಿ ಮುದ್ರೆಯ ಮೇಲೆ ಪುಟ್ಟ ಹೆಬ್ಬೆರಳು ಒತ್ತಿ, ಗುರುವಿನ ಗತ್ತಿನಲ್ಲಿ ನೋಯುತ್ತಾ ಎಂದು ಕೇಳುತ್ತಿದ್ದಳು. ಇಲ್ಲ ಎಂದರೆ, ಹಾಗಾದ್ರೆ ನೀನು ಬಡಗಿ, ಹೋಗು ಕೆಲಸ ಮಾಡು ಎನ್ನುತ್ತಿದ್ದಳು.

ಮೇಸ್ತ್ರಿ ಮೇಲಿನ ಗುಂಡಿಗಳನ್ನು ಬಿಚ್ಚಿದ. ಪುಟ್ಟಿ ಎಡಗೈ ಎತ್ತಿ ಹೆಬ್ಬೆರಳನ್ನು ಆ ಜಾಗದ ಮೇಲೆ ಇಟ್ಟಳು. ಮೊದಲು ಮೆತ್ತಗೆ, ಆಮೇಲೆ ಸ್ವಲ್ಪ ಒತ್ತಿದಳು. ಬೆರಳು ಗಡ್ಡೆಯ ಅಂಚನ್ನು ಹುಡುಕುತ್ತ ಸುತ್ತ ಹೋಯಿತು.

"ನೋಯುತ್ತಾ ಅಪ್ಪ?"

"ಇಲ್ಲ" ಎಂದ ಮೇಸ್ತ್ರಿ. "ಇಷ್ಟೂ ನೋಯಲ್ಲ. ನಾನು ಮೋಸ ಹೋಗಿದ್ದೇ ಅಲ್ಲಿ."

ಅವಳು ಕೈ ತೆಗೆದಳು. ತೆಗೆದ ಕೈ ಕೆಳಗಿಳಿಯಲಿಲ್ಲ. ಅವಳಿಗೇ ತಿಳಿಯದಂತೆ ಅದು ಅವಳ ಎದೆಯ ಕಡೆಗೆ ತಿರುಗಿ, ಅರ್ಧದಲ್ಲಿ ನಿಂತಿತು. ಇಬ್ಬರೂ ಆ ಕೈಯನ್ನು ನೋಡಿದರು.

ಮೇಸ್ತ್ರಿ ಗುಂಡಿ ಹಾಕಿಕೊಂಡು, ಅವಳು ನೋಡಿಕೊಳ್ಳಲಿ ಎಂದು ಕೋಣೆಯಿಂದ ಹೊರಗೆ ಬಂದು ಬಾಗಿಲು ಎಳೆದುಕೊಂಡ. ಬಾಗಿಲಿಗೆ ಬೆನ್ನು ಮಾಡಿ ನಿಂತ. ಕಾಲ ಕೆಳಗೆ ಮರದ ಸಿಪ್ಪೆಯ ಸುರುಳಿಗಳು ಬಿದ್ದಿದ್ದವು.

"ಹೋಗಬೇಡ ಅಪ್ಪ" ಎಂದಳು ಪುಟ್ಟಿ ಒಳಗಿನಿಂದ.

"ಇಲ್ಲೇ ಇದೀನಿ ಮಗಳೇ."

ಒಳಗೆ ಚಿಲಕ ಹಾಕಿದ ಸದ್ದಾಗಲಿಲ್ಲ. ಆಮೇಲೆ ಬೇರೆ ಯಾವ ಸದ್ದೂ ಇರಲಿಲ್ಲ. ಆ ಬಾಗಿಲು ಯಾವಾಗ ತೆರೆದರೂ ಅವನಿಗೆ ಕೇಳಿಸುವಂತಿರಲಿಲ್ಲ, ಅಷ್ಟು ಚೆನ್ನಾಗಿ ಕೂರಿಸಿದ್ದ. ಅದು ಮೊದಲಿನ ಹಾಗೆ ಒಂದಿಷ್ಟು ಕಿರುಗುಟ್ಟುವಂತಿದ್ದರೆ ಚೆನ್ನಾಗಿತ್ತು ಎಂದುಕೊಳ್ಳುತ್ತ ಮೇಸ್ತ್ರಿ ಕಿವಿಗೊಟ್ಟು ನಿಂತ.